ಪಿಗ್ಮಿಯವರ ಪುಸ್ತಕ

ನಮ್ಮದು ಬೈಂದೂರು ಕಡೆ. ಹೆದ್ದಾರಿ ಬದಿಯಲ್ಲಿ ಅಪ್ಪಯ್ಯನದ್ದೊಂದು ಸಣ್ಣ ಜೀನಸಿನ ಅಂಗಡಿ ಇತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಪಿಗ್ಮಿಯವರು ಬರುತ್ತಿದ್ದರು. ಕಂಕುಳಲ್ಲಿ ರೆಕ್ಸಿನ್ ಬ್ಯಾಗು, ಕಿಸೆಯಲ್ಲಿ ಎರಡು ಪೆನ್ನು. ಅಪ್ಪಯ್ಯ ಗಲ್ಲಾಪೆಟ್ಟಿಗೆಯಿಂದ ಇಪ್ಪತ್ತೋ ಐವತ್ತೋ ತೆಗೆದು ಕೊಡುವುದು, ಅವರು ತಮ್ಮ ಪುಸ್ತಕದಲ್ಲಿ ಒಮ್ಮೆ, ನಮ್ಮ ಪುಸ್ತಕದಲ್ಲಿ ಒಮ್ಮೆ ಬರೆದು ಸಹಿ ಹಾಕುವುದು. ಆಮೇಲೆ ಎಲೆ ಅಡಿಕೆ, ನಾಲ್ಕು ಮಾತು.

ಒಂದು ದಿನ ಅಪ್ಪಯ್ಯ ಮೆಲ್ಲಗೆ ಕೇಳಿದರು: "ಎದುರಂಗಡಿಯವ್ರ್ ದಿನಕ್ಕೆ ಎಷ್ಟ್ ಹಾಕ್ತ್ರ್?"

ಪಿಗ್ಮಿಯವರು ತಲೆ ಎತ್ತಲಿಲ್ಲ. ಬರೆಯುತ್ತಲೇ ಹೇಳಿದರು: "ನಿಮ್ದ್ ಎಷ್ಟ್ ಅಂದ್ ಅವ್ರಿಗೆ ಹೇಳ್ಲಾ?"

ಅಪ್ಪಯ್ಯ ನಕ್ಕರು. ಆಮೇಲೆ ಆ ವಿಷಯ ಎತ್ತಲೇ ಇಲ್ಲ. ಪ್ರೈವೆಸಿ ಎನ್ನುವುದಕ್ಕೆ ನಾನು ಕಲಿತ ಮೊದಲ ಪಾಠ ಅದು. ಆದರೆ ಅದು ಪಾಠ ಅಂತ ಅರ್ಥವಾಗಿದ್ದು ಬಿಇ ಮುಗಿಸಿ, ಬೆಂಗಳೂರಿಗೆ ಬಂದು, ಅದಕ್ಕೆ ಪೂರ್ತಿ ಉಲ್ಟಾ ಕೆಲಸವನ್ನು ನನ್ನ ಕೈಯಾರೆ ಮಾಡಿದ ಮೇಲೆ.

ಪಿಗ್ಮಿ ಹುಟ್ಟಿದ್ದು ನಮ್ಮ ಜಿಲ್ಲೆಯಲ್ಲೇ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಸೇರಿ ಶುರು ಮಾಡಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಕೈಮಗ್ಗದ ನೇಕಾರರಿಗೆ ನೆರವಾಗಬೇಕು ಅಂತ ಹುಟ್ಟಿದ ಬ್ಯಾಂಕು. 1928ರಲ್ಲಿ ಅವರು ಪಿಗ್ಮಿ ಯೋಜನೆ ತಂದರು. ಬ್ಯಾಂಕಿಗೆ ಬರಲು ಪುರುಸೊತ್ತಿಲ್ಲದವರ ಮನೆಬಾಗಿಲಿಗೆ ಏಜೆಂಟರೇ ಹೋಗಿ, ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಕಟ್ಟಿಸಿಕೊಂಡು ಬರುವುದು. 2020ರ ಏಪ್ರಿಲ್ 1ರಂದು ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಪಿಗ್ಮಿ ಎಂಬ ಶಬ್ದ ಮಾತ್ರ ಊರಿನ ಬಾಯಲ್ಲಿ ಉಳಿದಿದೆ.

ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಪಿಗ್ಮಿಯವರ ಹತ್ತಿರ ಇದ್ದದ್ದು ಭಯಂಕರ ಡೇಟಾ. ಮಳೆಗಾಲದಲ್ಲಿ ಬೋಟುಗಳು ದಡ ಹತ್ತಿ ನಿಂತಾಗ ಯಾರ ಪಿಗ್ಮಿ ಇಳಿಯುತ್ತದೆ, ಯಾರ ಮನೆಯಲ್ಲಿ ಮದುವೆ ಇದೆ, ಯಾರು ಬಾಂಬೆ ಹೋಟೆಲಿನಿಂದ ಮನಿಯಾರ್ಡರ್ ಕಳಿಸುವುದು ನಿಲ್ಲಿಸಿದ್ದಾರೆ ಎಲ್ಲ ಅವರಿಗೆ ಗೊತ್ತು. ಆದರೂ ಯಾರೂ ಹೆದರುತ್ತಿರಲಿಲ್ಲ. ಯಾಕೆಂದರೆ ನಮ್ಮ ವಿಷಯ ಗೊತ್ತಿರುವುದು ಯಾರಿಗೆ ಅಂತ ನಮಗೆ ಗೊತ್ತಿತ್ತು. ಅವರು ಏನು ಬರೆದುಕೊಂಡರು ಎಂಬುದು ನಮ್ಮ ಪುಸ್ತಕದಲ್ಲೂ ಇತ್ತು. ಒಂದು ಮಾತು ಆಚೆ ಹೋದರೆ ಮರುದಿನ ಅವರು ಅದೇ ಬಾಗಿಲಿಗೆ ಬರಬೇಕಿತ್ತು.

2014ರ ಸುಮಾರಿಗೆ ನಾನೊಂದು ಸಣ್ಣ ಕಂಪನಿಯಲ್ಲಿ ಆಂಡ್ರಾಯ್ಡ್ ಆ್ಯಪ್ ಬರೆಯುತ್ತಿದ್ದೆ. ಆ್ಯಪ್ ಫ್ರೀ, ದುಡ್ಡು ಬರಬೇಕಾದದ್ದು ಜಾಹೀರಾತಿನಿಂದ. ಒಂದು ಸೋಮವಾರ ಮ್ಯಾನೇಜರು ಮೂರು ಕಂಪನಿಗಳ ಎಸ್‌ಡಿಕೆ ಕೊಟ್ಟು "ಸಂಜೆಯೊಳಗೆ ಸೇರಿಸಿಬಿಡು" ಅಂದರು. ಎಸ್‌ಡಿಕೆ ಅಂದರೆ ಬೇರೆಯವರು ಬರೆದಿಟ್ಟ ಕೋಡಿನ ಕಟ್ಟು. ಒಳಗೇನಿದೆ ನೋಡಬೇಕಿಲ್ಲ, ನಾಲ್ಕು ಸಾಲು ಬರೆದು ಜೋಡಿಸಿದರೆ ಆಯಿತು. ಜೋಡಿಸಿದೆ. ಟೆಸ್ಟ್ ಮಾಡುವಾಗ ನೋಡಿದರೆ ಆ್ಯಪ್ ತೆರೆದಾಗಲೆಲ್ಲ ಫೋನಿನ ಒಂದು ಉದ್ದ ನಂಬರು, ಫೋನ್ ಇರುವ ಜಾಗ, ಹೊತ್ತು, ಎಲ್ಲ ಮೂರು ಕಡೆಗೆ ಹೋಗುತ್ತಿತ್ತು. ನಾನು ಏನೂ ಕೇಳಲಿಲ್ಲ. ಬಿಲ್ಡ್ ಪಾಸಾಯಿತು, ಕಾಫಿಗೆ ಹೋದೆ.

ಆ ಉದ್ದ ನಂಬರಿನ ಕತೆ ಸ್ವಲ್ಪ ಹೇಳಬೇಕು.

ಮೊದಮೊದಲು ಐಫೋನಿನಲ್ಲಿ ಯುಡಿಐಡಿ ಅಂತ 40 ಅಕ್ಷರಗಳ ಗುರುತು ಇರುತ್ತಿತ್ತು. ಫೋನ್ ಇರುವ ತನಕ ಅದು ಬದಲಾಗದು. ಆಂಡ್ರಾಯ್ಡಿನಲ್ಲಿ ಐಎಂಇಐ ನಂಬರನ್ನೇ ಎಷ್ಟೋ ಆ್ಯಪ್‌ಗಳು ಓದಿಕೊಳ್ಳುತ್ತಿದ್ದವು. ಟೀಕೆ ಜಾಸ್ತಿಯಾದ ಮೇಲೆ ಆಪಲ್ 2012ರಲ್ಲಿ ಐಡಿಎಫ್‌ಎ ಎಂಬ ಜಾಹೀರಾತಿಗೇ ಮೀಸಲಾದ ನಂಬರು ತಂದಿತು. 2013ರಲ್ಲಿ ಗೂಗಲ್ ಕೂಡ ಅಡ್ವರ್ಟೈಸಿಂಗ್ ಐಡಿ ತಂದಿತು. ಬೇಕಾದರೆ ಬಳಕೆದಾರ ಅದನ್ನು ಬದಲಾಯಿಸಬಹುದು. ಸುಧಾರಣೆ ಹೌದು. ಆದರೆ ಸೆಟ್ಟಿಂಗ್ಸಿನ ಯಾವುದೋ ಮೂಲೆಯಲ್ಲಿ ಅಡಗಿಸಿಟ್ಟ ಸುಧಾರಣೆ.

ಒಂದು ನಂಬರಿನಿಂದ ಏನಾಗುತ್ತದೆ ಅಂತೀರಾ? ಹೀಗೆ ಯೋಚಿಸಿ. ನೀವು ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಲ್ಲಿ ಬಸ್ಸು ಹತ್ತುತ್ತೀರಿ. ಕಂಡಕ್ಟರ್ ನಿಮ್ಮನ್ನು ನೋಡುತ್ತಾನೆ. ಬ್ರಹ್ಮಾವರದಲ್ಲಿ ಇಳಿದು ಡಾಕ್ಟರ ಹತ್ತಿರ ಹೋಗುತ್ತೀರಿ; ಕಾಂಪೌಂಡರಿಗೆ ಗೊತ್ತು. ಮೆಡಿಕಲ್ ಶಾಪಿಗೆ ಹೋಗುತ್ತೀರಿ, ಬರುವಾಗ ಸೊಸೈಟಿಯಲ್ಲಿ ಬಂಗಾರ ಅಡವಿಡುತ್ತೀರಿ. ನಾಲ್ವರಿಗೂ ನಿಮ್ಮ ಒಂದೊಂದು ತುಂಡು ಗೊತ್ತು, ಇಡೀ ನೀವು ಯಾರಿಗೂ ಗೊತ್ತಿಲ್ಲ. ಈಗ ನಾಲ್ವರೂ ತಮ್ಮ ಪುಸ್ತಕದಲ್ಲಿ ನಿಮ್ಮ ಹೆಸರಿನ ಬದಲು ಒಂದೇ ನಂಬರು ಬರೆದುಕೊಂಡರು, ಐದನೆಯವನೊಬ್ಬ ನಾಲ್ಕೂ ಪುಸ್ತಕ ಕೊಂಡ ಅಂತ ಇಟ್ಟುಕೊಳ್ಳಿ. ನಿಮಗೆ ಕಾಯಿಲೆ ಇದೆ, ಕೈಯಲ್ಲಿ ಕಾಸಿಲ್ಲ ಎಂಬುದು ನಿಮ್ಮ ಹೆಸರು ಗೊತ್ತಿಲ್ಲದೆಯೇ ಅವನಿಗೆ ಗೊತ್ತಾಯಿತು. ಸಂಜೆಗೆ ಫೋನಿನಲ್ಲಿ ಸಾಲದ ಜಾಹೀರಾತು. ಡೇಟಾಬೇಸ್ ಗೊತ್ತಿರುವವರಿಗೆ ಒಂದೇ ಮಾತು: ಅದು ಜಾಯಿನ್ ಮಾಡುವ ಕೀ.

ಇದೆಲ್ಲ ಅಮೆರಿಕದವರ ಕಾರುಬಾರು ಅಂದುಕೊಳ್ಳಬೇಡಿ. ಈ ಚರಿತ್ರೆಯ ಒಂದು ದೊಡ್ಡ ಅಧ್ಯಾಯ ನಮ್ಮ ಬೆಂಗಳೂರಿನದ್ದೇ. ಎಂಖೋಜ್ ಎಂಬ ಹೆಸರಿನಲ್ಲಿ 2007ರಲ್ಲಿ ಶುರುವಾಗಿ ಇನ್‌ಮೊಬಿ ಆದ ಮೊಬೈಲ್ ಜಾಹೀರಾತು ಕಂಪನಿ ಬೆಂಗಳೂರಿನಿಂದಲೇ ಬೆಳೆದು ದೇಶದ ಮೊದಲ ಯೂನಿಕಾರ್ನ್ ಎನಿಸಿಕೊಂಡಿತು. ಅಲ್ಲಿ ಕೆಲಸ ಸಿಕ್ಕರೆ ಸಾಕು ಅನ್ನುತ್ತಿದ್ದ ಬ್ಯಾಚ್ ನಮ್ಮದು. 2016ರ ಜೂನ್‌ನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅದರ ಮೇಲೆ ಪ್ರಕರಣ ಹಾಕಿತು. ಬಳಕೆದಾರರು ಅನುಮತಿ ಕೊಟ್ಟರೆ ಮಾತ್ರ ಲೊಕೇಶನ್ ಬಳಸುತ್ತೇವೆ ಎಂದು ಹೇಳಿಕೊಂಡು, ಅನುಮತಿ ಇಲ್ಲದ ಕೋಟ್ಯಂತರ ಜನರ ಜಾಡನ್ನೂ, ಮಕ್ಕಳದ್ದನ್ನೂ ಸೇರಿಸಿ, ಹಿಡಿಯುತ್ತಿತ್ತು ಎಂಬುದು ಆರೋಪ.

ಹೇಗೆ? ಅನುಮತಿ ಕೊಟ್ಟವರ ಫೋನಿನಿಂದ ಎರಡು ವಿಷಯ ಸಿಗುತ್ತಿತ್ತು: ಅವರು ಇರುವ ಜಾಗ, ಹತ್ತಿರದ ವೈಫೈಗಳ ಗುರುತು. ಎರಡನ್ನೂ ಜೋಡಿಸಿ ಯಾವ ವೈಫೈ ಎಲ್ಲಿದೆ ಎಂಬ ಪಟ್ಟಿ ಮಾಡಿದರು. ಆಮೇಲೆ "ಇಲ್ಲ" ಅಂದವನ ಫೋನಿಗೆ ಅದೇ ವೈಫೈ ಕಂಡರೆ ಸಾಕು, ಅವನೆಲ್ಲಿದ್ದಾನೆ ಅಂತ ಗೊತ್ತಾಯಿತು. ನೀವು ಬಾಗಿಲು ಹಾಕಿಕೊಂಡರೂ ಪಕ್ಕದ ಮನೆಯವರ ದೀಪ ನೋಡಿ ನಿಮ್ಮ ಮನೆ ಪತ್ತೆ ಹಚ್ಚಿದ ಹಾಗೆ. ಎಂಜಿನಿಯರ್ ಆಗಿ ನೋಡಿದರೆ ಚಂದದ ಉಪಾಯ. ಅದೇ ನನ್ನನ್ನು ಹೆದರಿಸಿದ್ದು. ನನಗೆ ಹೇಳಿದ್ದರೆ ನಾನೂ ಖುಷಿಯಿಂದ ಬರೆಯುತ್ತಿದ್ದೆ.

ಪ್ರಕರಣ ಒಪ್ಪಂದದಲ್ಲಿ ಮುಗಿಯಿತು. 40 ಲಕ್ಷ ಡಾಲರ್ ದಂಡ ಹಾಕಿ, ಕಂಪನಿಯ ಹಣಕಾಸಿನ ಸ್ಥಿತಿ ನೋಡಿ ಅದನ್ನು 9.5 ಲಕ್ಷ ಡಾಲರಿಗೆ ಇಳಿಸಿದರು. ಮಕ್ಕಳಿಂದ ಸಂಗ್ರಹಿಸಿದ್ದನ್ನೆಲ್ಲ ಅಳಿಸಬೇಕು, 20 ವರ್ಷ, ಎರಡು ವರ್ಷಕ್ಕೊಮ್ಮೆ ಹೊರಗಿನವರಿಂದ ಪ್ರೈವೆಸಿ ತಪಾಸಣೆ ಮಾಡಿಸಬೇಕು ಎಂಬ ಷರತ್ತು. ಗಮನಿಸಿ, ಬೆಂಗಳೂರಿನಲ್ಲಿ ಬರೆದ ಕೋಡಿಗೆ ಲಗಾಮು ಹಾಕಿದ್ದು ವಾಷಿಂಗ್ಟನ್. ಆಗ ನಮ್ಮಲ್ಲಿ ಅದನ್ನು ಕೇಳುವ ಪ್ರತ್ಯೇಕ ಕಾನೂನೇ ಇರಲಿಲ್ಲ.

2021ರ ಏಪ್ರಿಲ್ 26ರಂದು ಆಪಲ್ ಐಓಎಸ್ 14.5 ಬಿಟ್ಟಿತು. ಅಂದಿನಿಂದ ಬೇರೆ ಕಂಪನಿಗಳ ಆ್ಯಪ್, ವೆಬ್‌ಸೈಟುಗಳಲ್ಲಿ ನಿಮ್ಮ ಬೆನ್ನು ಹತ್ತಬೇಕಾದರೆ ಆ್ಯಪ್ ನಿಮ್ಮನ್ನು ಮೊದಲು ಕೇಳಬೇಕು. ಬೇಡ ಅಂದರೆ ಐಡಿಎಫ್‌ಎ ಜಾಗದಲ್ಲಿ ಬರೀ ಸೊನ್ನೆಗಳು. ಮೂಲೆಯಲ್ಲಿದ್ದ ಸೆಟ್ಟಿಂಗು ಜಗಲಿಗೆ ಬಂತು, ಅಷ್ಟೇ ಬದಲಾವಣೆ. ಅಷ್ಟಕ್ಕೇ ಏನಾಯಿತು ನೋಡಿ: ಸಣ್ಣ ವ್ಯಾಪಾರಿಗಳು ಸಾಯುತ್ತಾರೆ ಎಂದು ಫೇಸ್‌ಬುಕ್ 2020ರ ಡಿಸೆಂಬರಿನಲ್ಲೇ ಅಮೆರಿಕದ ಪತ್ರಿಕೆಗಳಲ್ಲಿ ಪೂರ್ತಿ ಪುಟದ ಜಾಹೀರಾತು ಹಾಕಿತ್ತು. 2022ರ ಫೆಬ್ರವರಿಯಲ್ಲಿ, ಈ ಬದಲಾವಣೆಯಿಂದ ಆ ವರ್ಷ ಸುಮಾರು 1,000 ಕೋಟಿ ಡಾಲರ್ ಆದಾಯ ಹೋಗಬಹುದು ಎಂದು ಮೆಟಾ ಹೇಳಿತು. ಸರಿಯಾಗಿ ಕೇಳಿದ್ದರೆ ಜನ ಬೇಡ ಅನ್ನುತ್ತಿದ್ದರು ಅಂತ ಇದರ ಅರ್ಥ.

ಆಪಲನ್ನು ದೇವರು ಮಾಡುವುದೂ ಬೇಡ. 2025ರ ಮಾರ್ಚಿನಲ್ಲಿ ಫ್ರಾನ್ಸಿನ ಸ್ಪರ್ಧಾ ಪ್ರಾಧಿಕಾರ ಇದೇ ವಿಷಯಕ್ಕೆ ಆಪಲಿಗೆ 15 ಕೋಟಿ ಯೂರೋ ದಂಡ ಹಾಕಿತು. ಉದ್ದೇಶ ತಪ್ಪಲ್ಲ, ಜಾರಿ ಮಾಡಿದ ರೀತಿ ಸರಿಯಿಲ್ಲ, ಬೇರೆಯವರಿಗೊಂದು ಅಳತೆ ತನಗೊಂದು ಅಳತೆ ಎಂಬುದು ಅದರ ಸಾರ. ಒಂದು ಕಂಪನಿ ಕೊಟ್ಟ ಪ್ರೈವೆಸಿಯನ್ನು ಅದೇ ಕಂಪನಿ ನಾಳೆ ವಾಪಸು ತೆಗೆದುಕೊಳ್ಳಬಹುದು. ಹಕ್ಕು ಅಂತ ಆಗಬೇಕಾದರೆ ಅದು ಕಾನೂನಿನಲ್ಲಿ ಇರಬೇಕು.

ಆ ಕೆಲಸ ಶುರು ಮಾಡಿದ್ದೂ ಒಬ್ಬ ಕನ್ನಡಿಗರು. ಕದ್ದು ಕೇಳುವುದು ನಮ್ಮ ರಾಜ್ಯಕ್ಕೆ ಹೊಸದಲ್ಲ; 1988ರಲ್ಲಿ ಫೋನ್ ಕದ್ದಾಲಿಕೆಯ ಗಲಾಟೆಯಲ್ಲೇ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಕುರ್ಚಿ ಬಿಟ್ಟಿದ್ದರು. ಆದರೂ ಖಾಸಗಿತನ ಎಂಬುದು ಮೂಲಭೂತ ಹಕ್ಕು ಹೌದೋ ಅಲ್ಲವೋ ಎಂಬ ಪ್ರಶ್ನೆ ಇತ್ಯರ್ಥವಾಗದೆ ಉಳಿದಿತ್ತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೌದು, ಅದು ಮೂಲಭೂತ ಹಕ್ಕು ಅಂದರು. ಆ ಒಂಬತ್ತರಲ್ಲಿ ಒಬ್ಬರು ಮೂಡುಬಿದಿರೆ ಹತ್ತಿರದ ಬೆಳುವಾಯಿಯ ಎಸ್. ಅಬ್ದುಲ್ ನಜೀರ್. ಸರ್ಕಾರ ಮಾತ್ರವಲ್ಲ, ಕಂಪನಿಗಳು ಕಲೆಹಾಕುವ ಮಾಹಿತಿಗೂ ಕಾನೂನು ಬೇಕು ಎಂದು ತೀರ್ಪು ಹೇಳಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಅವರ ಹೆಸರಿನ ಕೇಸು ಮಾತ್ರ ದೇಶದ ಕೋರ್ಟುಗಳಲ್ಲಿ ದಿನಾ ಓಡಾಡುತ್ತಿದೆ.

ಕಾನೂನು ಬಂದದ್ದು 2023ರ ಆಗಸ್ಟ್‌ನಲ್ಲಿ, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ. ಕಂಪನಿಗಳ ಮುಖ್ಯ ಹೊಣೆಗಳು ಜಾರಿಯಾಗಲು ಅಲ್ಲಿಂದ 18 ತಿಂಗಳು. ಸರ್ಕಾರದ ಸಂಸ್ಥೆಗಳಿಗೆ ಕೊಟ್ಟ ವಿನಾಯಿತಿ ಬಹಳ ದೊಡ್ಡದು ಎಂಬ ತಕರಾರು ನನಗೂ ಇದೆ. ಆದರೆ ಮೂರು ವಿಷಯ ಒಳ್ಳೆಯದಿದೆ. 18 ತುಂಬದವರ ಜಾಡು ಹಿಡಿದು ಜಾಹೀರಾತು ತೋರಿಸುವ ಹಾಗಿಲ್ಲ. ನನ್ನ ಬಗ್ಗೆ ಏನು ಇಟ್ಟುಕೊಂಡಿದ್ದೀರಿ ಎಂದು ಕೇಳುವ ಹಕ್ಕಿದೆ. ಒಪ್ಪಿಗೆ ಕೇಳುವ ನೋಟೀಸನ್ನು ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ, ಅಂದರೆ ಕನ್ನಡದಲ್ಲೂ, ಓದುವ ಆಯ್ಕೆ ಕೊಡಲೇಬೇಕು.

ಈ ಮೂರನೆಯದು ಯಾಕೆ ಮುಖ್ಯ ಅಂದರೆ, ಮೊನ್ನೆ ಊರಿಗೆ ಹೋದಾಗ ಅಮ್ಮನ ಫೋನ್ ನೋಡಿದೆ. ಟಾರ್ಚಿನ ಆ್ಯಪ್, ಪಂಚಾಂಗದ ಆ್ಯಪ್, ಅಡುಗೆಯ ಆ್ಯಪ್. ಟಾರ್ಚಿಗೂ ಲೊಕೇಶನ್ ಬೇಕಂತೆ. ಎಲ್ಲದಕ್ಕೂ "ಅಲೋ" ಒತ್ತಿದ್ದಾರೆ.

"ಇದನ್ನ ಎಂತಕ್ಕೆ ಒತ್ತಿದ್ದ್ ಅಮ್ಮಾ?"

"ಒತ್ತದಿರೆ ಮುಂದೆ ಹೋತಿಲ್ಲ ಅಲ್ದಾ ಮಗಾ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಗೆ ಒತ್ತಿಸಿಕೊಳ್ಳುವ ಸ್ಕ್ರೀನುಗಳನ್ನು ಬರೆದವರ ಜಾತಿಯವನೇ ನಾನು. ಅಮ್ಮನ ಫೋನ್ ತೆಗೆದುಕೊಂಡು ಸೆಟ್ಟಿಂಗ್ಸ್, ಅಲ್ಲಿ ಗೂಗಲ್, ಅಲ್ಲಿ ಆ್ಯಡ್ಸ್, ಅಲ್ಲಿದ್ದ "ಡಿಲೀಟ್ ಅಡ್ವರ್ಟೈಸಿಂಗ್ ಐಡಿ" ಒತ್ತಿದೆ. ಟಾರ್ಚಿನ ಲೊಕೇಶನ್ ತೆಗೆದೆ. ಅರ್ಧ ನಿಮಿಷದ ಕೆಲಸ. ನಿಮ್ಮ ಅಮ್ಮನ ಫೋನಿನಲ್ಲೂ ಈ ಭಾನುವಾರ ಮಾಡಿಕೊಡಿ. ಫೋನಿಂದ ಫೋನಿಗೆ ಜಾಗ ಸ್ವಲ್ಪ ಆಚೀಚೆ ಇರಬಹುದು.

ಎಂತ ಮಾಡಿದೆ ಅಂತ ಅಮ್ಮ ಕೇಳಿದರು. ಪಿಗ್ಮಿಯವರ ಉದಾಹರಣೆ ಕೊಟ್ಟು ಹೇಳಿದೆ: ನೂರಾರು ಜನ ಕಾಣದ ಪಿಗ್ಮಿಯವರು ದಿನಾ ಬಂದು ನಮ್ಮ ವಿಷಯ ಬರೆದುಕೊಂಡು ಹೋಗುತ್ತಾರೆ, ಒಬ್ಬರದ್ದು ಇನ್ನೊಬ್ಬರಿಗೆ ಮಾರುತ್ತಾರೆ ಅಂತ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಹಾಂಗಾರೆ ನಮ್ ಪುಸ್ತಕ ಎಲ್ ಇತ್ತ್?"

ನಮ್ಮ ಕಡೆ "ಇತ್ತ್" ಅಂದರೆ "ಇದೆ" ಅಂತ. ಪಿಗ್ಮಿಯಲ್ಲಿ ಎರಡು ಪುಸ್ತಕ ಇರುತ್ತಿತ್ತಲ್ಲ, ಒಂದು ಅವರದ್ದು, ಒಂದು ನಮ್ಮದು. ಆ ಎರಡನೇ ಪುಸ್ತಕವನ್ನು ಅಮ್ಮ ಕೇಳಿದ್ದು. ಹೊಸ ಕಾನೂನು ಅದನ್ನು ಕೊಡುತ್ತೇನೆ ಅನ್ನುತ್ತಿದೆ. ಕೇಳಿ ತೆಗೆದುಕೊಳ್ಳಬೇಕಾದವರು ನಾವು. ನಾನು ಮೊದಲ ಅರ್ಜಿಯನ್ನು ಅಮ್ಮನ ಹೆಸರಿನಲ್ಲೇ ಹಾಕಬೇಕು ಅಂತಿದ್ದೇನೆ. ಆ ಟಾರ್ಚಿನವರಿಗೇ. ಕನ್ನಡದಲ್ಲೇ.