ಜನಗಣತಿಯಲ್ಲಿ ಸಿಗದ ಮುತ್ತಜ್ಜ: ಉಳವಿಯ ಒಂದು ಮನೆತನದ ಹುಡುಕಾಟ

ಸೊರಬ ತಾಲ್ಲೂಕಿನ ಉಳವಿಯ ಹಿರಿಯರೊಬ್ಬರು ಒಂದು ಶುಕ್ರವಾರ ಜುಮಾ ನಮಾಝಿನ ಬಳಿಕ ನಮ್ಮನ್ನು ತಡೆದು ನಿಲ್ಲಿಸಿದರು. ಅವರ ಮೊಮ್ಮಗ ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿ ಅವನ ಜೊತೆ ಕೆಲಸ ಮಾಡುವವನೊಬ್ಬ 1921ರ ಜನಗಣತಿಯ ಹಾಳೆಯನ್ನು ತೆರೆದು, ತನ್ನ ಮುತ್ತಜ್ಜನ ಹೆಸರು, ವಯಸ್ಸು, ಕಸುಬು, ಆ ಮನೆಯಲ್ಲಿದ್ದ ಮಕ್ಕಳ ಹೆಸರು ಎಲ್ಲವನ್ನೂ ತೋರಿಸಿದನಂತೆ. “ನಮ್ಮ ಕಡೆಯೂ ಇಂಥದ್ದು ಇರಬೇಕಲ್ಲ ಹಜರತ್, ನೀವು ಓದಿದವರು, ಸ್ವಲ್ಪ ಹುಡುಕಿಕೊಡಿ” ಎಂಬುದು ಹಿರಿಯರ ಬೇಡಿಕೆಯಾಗಿತ್ತು.

ಅವರ ಮನೆಯಲ್ಲಿ ತಲೆಮಾರಿನಿಂದ ಹೇಳಿಕೊಂಡು ಬಂದ ಒಂದು ಮಾತಿದೆ. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದು ಅದಕ್ಕೆ ಹೈದರ್‌ನಗರವೆಂದು ಹೆಸರಿಟ್ಟ ಕಾಲದಲ್ಲಿ ಬಿಜಾಪುರದ ಕಡೆಯಿಂದ ಬಂದ ಕುದುರೆ ಸವಾರನೊಬ್ಬ ತಮ್ಮ ಮೂಲಪುರುಷ, ತಾವು ಪಠಾಣರು ಎಂಬುದೇ ಆ ಮಾತು. ಅದಕ್ಕೊಂದು ಸರಕಾರಿ ಕಾಗದದ ಆಧಾರ ಸಿಕ್ಕರೆ ಸಾಕು ಎಂದು ಅವರು ಹೇಳಿದರು. ಬೇಡಿಕೆಯ ಹಿಂದೆ ಇನ್ನೊಂದು ಕಾರಣವೂ ಇತ್ತು, ಆದರೆ ಆ ದಿನ ಅವರು ಅದನ್ನು ಹೇಳಲಿಲ್ಲ.

ಉಳವಿ ಎಂಬ ಹೆಸರಿನಿಂದಲೇ ನಮ್ಮ ಹುಡುಕಾಟದ ಮೊದಲ ತೊಡಕು ಆರಂಭವಾಯಿತು. ಉಳವಿ ಎಂದೊಡನೆ ನಾಡಿನ ಬಹುಜನರಿಗೆ ನೆನಪಾಗುವುದು ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನ, ಚನ್ನಬಸವಣ್ಣನವರ ಉಳವಿ. ನಮ್ಮದು ಶಿವಮೊಗ್ಗ ಜಿಲ್ಲೆಯ ಸೊರಬಕ್ಕೆ ಸೇರಿದ ಹೋಬಳಿ ಕೇಂದ್ರ. ಅಂದಿನ ಆಡಳಿತದಲ್ಲಿ ಒಂದು ಬೊಂಬಾಯಿ ಪ್ರಾಂತ್ಯದಲ್ಲಿತ್ತು, ಇನ್ನೊಂದು ಮೈಸೂರು ಸಂಸ್ಥಾನದಲ್ಲಿತ್ತು. ಹಳೆಯ ಪುಸ್ತಕಗಳಲ್ಲಿ ಒಂದರ ಬದಲು ಇನ್ನೊಂದನ್ನು ಹಿಡಿದು ನಾವು ಎರಡು ದಿನ ಕಳೆದೆವು. ಸೊರಬವು ಗಡಿ ತಾಲ್ಲೂಕು ಎಂಬುದನ್ನು ಅಲ್ಲಿಯವರೆಗೆ ನಾವು ಅಷ್ಟಾಗಿ ಗಮನಿಸಿರಲಿಲ್ಲ. ಆನವಟ್ಟಿಯನ್ನು ದಾಟಿದರೆ ಹಾನಗಲ್ಲು, ಅಂದಿನ ಧಾರವಾಡ ಜಿಲ್ಲೆ. ಪಕ್ಕದ ಬನವಾಸಿ ಉತ್ತರ ಕನ್ನಡಕ್ಕೆ ಸೇರಿದ್ದು. ಒಂದೇ ಸಂತೆಗೆ ಬರುವ ಜನರನ್ನು ಎರಡು ಸರಕಾರಗಳು ಎರಡು ಪುಸ್ತಕಗಳಲ್ಲಿ ಎಣಿಸುತ್ತಿದ್ದವು.

ಮೈಸೂರು ಸೀಮೆಯ ಮೊದಲ ಕ್ರಮಬದ್ಧ ಜನಗಣತಿ 1871ರಲ್ಲಿ ನಡೆಯಿತು. ಎರಡನೆಯದು 1881ರ ಫೆಬ್ರವರಿ 17ರ ರಾತ್ರಿ, ಇಡೀ ಹಿಂದೂಸ್ತಾನದಲ್ಲಿ ಏಕಕಾಲಕ್ಕೆ ನಡೆಯಿತು. ಅದಾದ ಮರು ತಿಂಗಳೇ ಮೈಸೂರಿನ ಆಡಳಿತ ಮತ್ತೆ ಒಡೆಯರ ಕೈಸೇರಿತು. ಈ ಎರಡು ಗಣತಿಗಳ ನಡುವೆ, 1876ರಿಂದ 1878ರವರೆಗೆ, ಧಾತು ಈಶ್ವರ ಸಂವತ್ಸರಗಳ ದೊಡ್ಡ ಬರ ಬಂದಿತ್ತು. 1871ರಲ್ಲಿ 50,55,412 ಇದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ ಬೆಳೆಯಬೇಕಾದ ನಾಡಿನಲ್ಲಿ ಎಂಟು ಲಕ್ಷ ಅರವತ್ತೊಂಬತ್ತು ಸಾವಿರಕ್ಕಿಂತ ಹೆಚ್ಚು ಮಂದಿ ಕಡಿಮೆಯಾದರು. ಆ ಸಾಲನ್ನು ಓದಿ ನಾವು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು. ನಾಡಿನ ಎಷ್ಟೋ ಮನೆತನಗಳ ವಂಶಾವಳಿ ಕಡಿದು ಹೋದದ್ದು ಬಹುಶಃ ಅಲ್ಲಿಯೇ.

ಆದರೆ ಹಿರಿಯರಿಗೆ ಬೇಕಾಗಿದ್ದುದು ಒಂದು ಹೆಸರು. ಅದು ಜನಗಣತಿಯಲ್ಲಿ ಸಿಗುವುದಿಲ್ಲ. ಗಣತಿಯವರು ಮನೆಮನೆಗೆ ಹೋಗಿ ತುಂಬಿದ ಹಾಳೆಗಳಲ್ಲಿ ಹೆಸರಿನ ಕಲಮು ಇತ್ತು, ನಿಜ. ಲೆಕ್ಕ ಮುಗಿದ ಮೇಲೆ ಆ ಹಾಳೆಗಳನ್ನು ಕಾದಿಡುವ ಕ್ರಮ ನಮ್ಮಲ್ಲಿರಲಿಲ್ಲ. 1901ರಿಂದ ಚೀಟಿ ಪದ್ಧತಿ ಬಂತು. ಹಾಳೆಯಲ್ಲಿದ್ದುದನ್ನು ಒಬ್ಬೊಬ್ಬರಿಗೆ ಒಂದೊಂದು ಚೀಟಿಯಂತೆ ಇಳಿಸಿಕೊಂಡು, ಧರ್ಮಕ್ಕೊಂದು ಬಣ್ಣದ ಕಾಗದ ಬಳಸಿ, ಗೂಡುಗಳಲ್ಲಿ ವಿಂಗಡಿಸಿ ಎಣಿಸುತ್ತಿದ್ದರು. ಆ ಕೆಲಸಕ್ಕೆ ಬೇಕಾದುದು ವಯಸ್ಸು, ಜಾತಿ, ಕಸುಬು, ಹುಟ್ಟಿದ ಊರು. ಹೆಸರಿನಿಂದ ಅಲ್ಲಿ ಯಾರಿಗೂ ಪ್ರಯೋಜನವಿರಲಿಲ್ಲ. ಕೋಷ್ಟಕ ಅಚ್ಚಾದ ಮೇಲೆ ಹಾಳೆಗಳೂ ಹೋದವು, ಚೀಟಿಗಳೂ ಹೋದವು. ಸ್ವಾತಂತ್ರ್ಯಾನಂತರ ಬಂದ 1948ರ ಜನಗಣತಿ ಕಾಯಿದೆಯ 15ನೇ ಕಲಮಿನ ಪ್ರಕಾರ ಗಣತಿಯ ವೈಯಕ್ತಿಕ ದಾಖಲೆಯನ್ನು ನೋಡುವ ಹಕ್ಕು ಯಾರಿಗೂ ಇಲ್ಲ, ನ್ಯಾಯಾಲಯದಲ್ಲಿ ಅದನ್ನು ಸಾಕ್ಷಿಯಾಗಿ ಒಡ್ಡುವಂತೆಯೂ ಇಲ್ಲ. ಬ್ರಿಟನ್ನಿನಲ್ಲಿ ನೂರು ವರ್ಷ ಮುಚ್ಚಿಟ್ಟು 2022ರ ಜನವರಿಯಲ್ಲಿ 1921ರ ಹಾಳೆಗಳನ್ನು ಬಿಡುಗಡೆ ಮಾಡಿದರು. ಅಮೆರಿಕದಲ್ಲಿ 72 ವರ್ಷಕ್ಕೆ ಬಿಡುತ್ತಾರೆ. ತಮ್ಮ ಪ್ರಜೆಗಳ ಹಾಳೆಯನ್ನು ಹೆಸರು ಸಮೇತ ಕಾದಿಟ್ಟ ಅದೇ ಸಾಮ್ರಾಜ್ಯ ಇಲ್ಲಿಯವರನ್ನು ಎಣಿಸಿ ಹಾಳೆಯನ್ನು ಎಸೆಯಿತು ಎಂಬುದನ್ನು ಮೊಮ್ಮಗನಿಗೆ ಬರೆದು ತಿಳಿಸಿದೆವು.

ಇನ್ನೊಂದು ವಿಷಯ ನಮ್ಮನ್ನು ಹೆಚ್ಚು ಕಾಡಿತು. ಹಿಂದಿನ ಗಣತಿಗಳಲ್ಲಿ ಗಣತಿದಾರರಿಗೆ ಕೊಟ್ಟ ಸೂಚನೆಗಳಲ್ಲಿ, ಮನೆಯವರು ಹೆಣ್ಣುಮಕ್ಕಳ ಹೆಸರು ಹೇಳಲು ಒಪ್ಪದಿದ್ದರೆ ಆ ಕಲಮಿನಲ್ಲಿ ‘ಹೆಂಗಸು’ ಎಂದಷ್ಟೇ ಬರೆಯಬಹುದು ಎಂದಿತ್ತು. ಹಾಳೆಗಳು ಉಳಿದಿದ್ದರೂ ನಮ್ಮ ಅಜ್ಜಿಯರಲ್ಲಿ ಎಷ್ಟು ಮಂದಿ ಹೆಸರಿನಿಂದ ಉಳಿಯುತ್ತಿದ್ದರು? ಪ್ರವಾದಿ ಮುಹಮ್ಮದ್(ಸ)ರ ಪತ್ನಿಯರ, ಪುತ್ರಿಯರ ಹೆಸರುಗಳನ್ನು ನಮ್ಮ ಮಕ್ಕಳು ಬಾಯಿಪಾಠ ಹೇಳುತ್ತಾರೆ. ಅವರಿಂದ ಕಲಿತ ಹದೀಸ್‌ಗಳನ್ನು ಅವರ ಹೆಸರು ಹಿಡಿದೇ ಉದ್ಧರಿಸುತ್ತೇವೆ. ಹೀಗಿರುವಾಗ ಮನೆಯ ಹೆಣ್ಣಿನ ಹೆಸರು ಹೇಳಲು ನಾಚುವ ಪದ್ಧತಿ ನಮ್ಮೊಳಗೆ ಎಲ್ಲಿಂದ ಬಂತೋ ತಿಳಿಯದು, ದೀನಿನಿಂದಂತೂ ಬಂದದ್ದಲ್ಲ.

ಎಣಿಸುವುದು ಇಸ್ಲಾಮಿಗೆ ಹೊಸದಲ್ಲ. ಮದೀನಾದಲ್ಲಿ ಇಸ್ಲಾಮನ್ನು ಒಪ್ಪಿದವರ ಪಟ್ಟಿ ಬರೆಯುವಂತೆ ಪ್ರವಾದಿ(ಸ)ಯವರು ಆಜ್ಞಾಪಿಸಿದರೆಂದೂ, ಸಾವಿರದ ಐನೂರು ಮಂದಿ ಪುರುಷರ ಹೆಸರು ಬರೆಯಲಾಯಿತೆಂದೂ ಹುದೈಫಾ(ರ)ರಿಂದ ಬಂದ ವರದಿ ಸಹೀಹ್ ಬುಖಾರಿಯಲ್ಲಿದೆ. ಹಝ್ರತ್ ಉಮರ್(ರ)ರು ತಮ್ಮ ಖಿಲಾಫತ್ ಕಾಲದಲ್ಲಿ ದೀವಾನ್ ಎಂಬ ದಫ್ತರನ್ನು ಸ್ಥಾಪಿಸಿದಾಗ ವಂಶವೃತ್ತಾಂತ ಬಲ್ಲ ಮೂವರನ್ನು ಕೂರಿಸಿ ಮನೆಮನೆಯ ಹೆಸರು ಬರೆಸಿದರು. ಬರೆಯುವವರು ಖಲೀಫರ ಕುಲವನ್ನು ಮೇಲಕ್ಕೆ ತಂದಾಗ ಅವರು ಒಪ್ಪಲಿಲ್ಲ. ಪ್ರವಾದಿಯವರ ಬಂಧುತ್ವದಿಂದ ಆರಂಭಿಸಿ, ಉಮರನ ಕುಲವನ್ನು ಅದು ಬರುವ ಜಾಗದಲ್ಲೇ ಬರೆಯಿರಿ ಎಂದು ತಿದ್ದಿಸಿದರು. ಆ ದಫ್ತರಿನಲ್ಲಿ ಹೆಸರಿದ್ದವನಿಗೆ ಬೈತುಲ್‌ಮಾಲ್‌ನಿಂದ ಪಾಲು ಸಿಗುತ್ತಿತ್ತು. ಅಲ್ಲಿ ಹೆಸರು ಬರೆದದ್ದು ಕೊಡುವುದಕ್ಕಾಗಿ.

ಮತ್ತೆ ಮೈಸೂರಿಗೆ ಬರೋಣ. ಹೆಸರು ಇಲ್ಲದಿದ್ದರೂ ಕೋಷ್ಟಕಗಳು ಮೂಕವಾಗಿಲ್ಲ. ಸಂಸ್ಥಾನದ ಜನರಲ್ಲಿ ನೂರಕ್ಕೆ ಐದರ ಆಸುಪಾಸಿನಲ್ಲಿದ್ದ ಮುಸ್ಲಿಮರನ್ನು ಅವು ಶೇಖ್, ಸೈಯದ್, ಪಠಾಣ್, ಮುಘಲ್, ಲಬ್ಬೆ, ಪಿಂಜಾರಿ ಮುಂತಾಗಿ ವಿಂಗಡಿಸುತ್ತವೆ. ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಶೇಖರದು. ಇವರೆಲ್ಲರೂ ಅರಬಸ್ತಾನದಿಂದ ಬಂದವರೇ? ಹಾಗೆಂದು ಯಾವ ಇತಿಹಾಸಕಾರನೂ ಹೇಳಲಾರ. ಗಣತಿದಾರ ಕೇಳಿದ, ಮನೆಯ ಯಜಮಾನ ಹೇಳಿದ, ಅವನು ಹೇಳಿದ್ದನ್ನು ಇವನು ಬರೆದ. ಹಳ್ಳಿಯ ಬಡ ಮುಸಲ್ಮಾನನಿಗೆ ಹತ್ತು ವರ್ಷಕ್ಕೊಮ್ಮೆ ತನ್ನ ಸ್ಥಾನವನ್ನು ತಾನೇ ಹೇಳುವ ಅವಕಾಶ ಸಿಗುತ್ತಿದ್ದುದು ಆ ಒಂದು ಕಲಮಿನಲ್ಲಿ. ಅವನು ಒಂದು ಮೆಟ್ಟಿಲು ಮೇಲೆ ನಿಂತು ಹೇಳಿದ್ದರೆ ನಮಗೆ ಆಶ್ಚರ್ಯವಿಲ್ಲ. ಪ್ರಸಂಗವಶಾತ್ ಒಂದು ಮಾತು: ಮೈಸೂರಿನ 1931ರ ಗಣತಿಯ ಮೇಲಧಿಕಾರಿಯಾಗಿ ಅದರ ವರದಿಯನ್ನು ಬರೆದವರು ನಮ್ಮ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು. ಕಾಲೇಜಿನಲ್ಲಿ ಅವರ ಕಥೆಗಳನ್ನು ಓದಿದ ನಮಗೆ, ಅದೇ ಕೈ ಈ ಅಂಕಿಗಳ ಮೇಲೂ ಓಡಿತ್ತೆಂದು ತಿಳಿದಾಗ ಆ ದಪ್ಪ ಪುಸ್ತಕ ಸ್ವಲ್ಪ ಹಗುರವಾಯಿತು.

ಅಷ್ಟರಲ್ಲಿ ಹಿರಿಯರು ಆ ಇನ್ನೊಂದು ಕಾರಣವನ್ನೂ ಹೇಳಿದರು. ಮೊಮ್ಮಗಳಿಗೆ ರಾಣೇಬೆನ್ನೂರಿನ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ದೀನ್‌ದಾರ, ಶಿಕ್ಷಕ. ಆದರೆ ಮನೆತನ ನದಾಫರದು, ಅಂದರೆ ಪಿಂಜಾರರದು. “ಪಠಾಣರ ಮನೆಯಿಂದ ಹತ್ತಿ ಹಿಂಜುವವರ ಮನೆಗೆ ಹೇಗೆ ಕೊಡೋದು ಹಜರತ್?” ಎಂದು ಅವರು ಕೇಳಿದರು. ಕಾಗದ ಸಿಕ್ಕರೆ ಅದನ್ನು ತೋರಿಸಿ ನಯವಾಗಿ ಬೇಡವೆನ್ನಬಹುದು ಎಂಬುದು ಅವರ ಲೆಕ್ಕಾಚಾರವಾಗಿತ್ತು.

ಜನಗಣತಿಯನ್ನು ಬದಿಗಿಟ್ಟು ನಾವು ಹತ್ತಿರದ ದಾಖಲೆಗಳಿಗೆ ಬಂದೆವು. ನಮ್ಮ ಓದುಗರಲ್ಲಿ ಇಂಥ ಹುಡುಕಾಟಕ್ಕೆ ಹೊರಡುವವರಿದ್ದರೆ ಅವರೂ ಇಲ್ಲಿಂದಲೇ ಆರಂಭಿಸುವುದು ಒಳಿತು: ಮನೆಯ ಕ್ರಯಪತ್ರ, ಹಳೆಯ ಪಹಣಿ, ಕಂದಾಯದ ರಸೀದಿ, ಶಾಲೆಯ ದಾಖಲಾತಿ ಪುಸ್ತಕ, ಗೇಣಿ ಮಾಡಿದವರಾದರೆ 1974ರ ಭೂಸುಧಾರಣೆಯ ಬಳಿಕ ಸಲ್ಲಿಸಿದ ಫಾರಂ 7ರ ಅರ್ಜಿ, ಇನಾಮು ಇದ್ದವರಾದರೆ ಇನಾಮಿನ ಕಾಗದ. ಮೋಡಿ ಲಿಪಿಯ ಪತ್ರವಿದ್ದರೆ ಸಾಗರದ ಬಳಿಯ ಕೆಳದಿ ವಸ್ತುಸಂಗ್ರಹಾಲಯದಲ್ಲಿ ವಿಚಾರಿಸಬಹುದು. ಎಲ್ಲಕ್ಕಿಂತ ಮಿಗಿಲಾಗಿ ನಿಕಾಹ್ ದಫ್ತರು. ವರನ ಹೆಸರು, ತಂದೆಯ ಹೆಸರು, ಊರು, ಕಸುಬು, ವಧುವಿನ ಪೂರ್ಣ ಹೆಸರು, ಮಹರ್, ವಕೀಲ, ಸಾಕ್ಷಿಗಳು, ಇವೆಲ್ಲ ಅದರಲ್ಲಿ ಇರುತ್ತವೆ. ಗಣತಿಯಲ್ಲಿ ‘ಹೆಂಗಸು’ ಆಗಿದ್ದವಳಿಗೆ ಅಲ್ಲಿ ಹೆಸರಿದೆ. ಏಕೆಂದರೆ ಅವಳ ಒಪ್ಪಿಗೆಯಿಲ್ಲದೆ, ಅವಳ ಹಕ್ಕನ್ನು ನಿಗದಿ ಮಾಡದೆ ಆ ಪುಟ ಪೂರ್ತಿಯಾಗದು.

ಖಾಝಿ ಮನೆತನವೊಂದರ ಪೆಟ್ಟಿಗೆಯಲ್ಲಿ ಉರ್ದುವಿನಲ್ಲಿ ಬರೆದ ಹಳೆಯ ದಫ್ತರು ಸಿಕ್ಕಿತು. ಅಂಚುಗಳನ್ನು ಗೆದ್ದಲು ತಿಂದಿತ್ತು. ಹಿರಿಯರ ಅಜ್ಜನ ನಿಕಾಹ್ ಅದರಲ್ಲಿತ್ತು. ವಧುವಿನ ಹೆಸರಿತ್ತು, ಅದು ಮೊಮ್ಮಕ್ಕಳಲ್ಲಿ ಯಾರಿಗೂ ಗೊತ್ತಿರದ ಹೆಸರು. ವರನ ಹೆಸರಿನ ಮುಂದೆ ಖಾನ್ ಎಂದಿರಲಿಲ್ಲ. ಸಾಕಿನ್ ಎಂಬಲ್ಲಿ ಹಾನಗಲ್ ಎಂದಿತ್ತು. ಪೇಶಾ ಎಂಬಲ್ಲಿ ಇದ್ದುದು ಒಂದೇ ಪದ: ನದ್ದಾಫ್.

ನಾವು ಅದನ್ನು ಎರಡು ಬಾರಿ ಓದಿದೆವು. ಮೂರನೆಯ ಬಾರಿ ಹಿರಿಯರೇ ಕನ್ನಡಕ ಸರಿಮಾಡಿಕೊಂಡು ಓದಿದರು. ಬಳಿಕ ನೆನಪುಗಳು ತಾವಾಗಿಯೇ ಬಂದವು. ಅಟ್ಟದ ಮೇಲೆ ಒಂದು ದೊಡ್ಡ ಬಿಲ್ಲು ಇತ್ತಂತೆ, ಮಕ್ಕಳು ಅದನ್ನು ಬೇಟೆಯ ಬಿಲ್ಲೆಂದು ತಿಳಿದಿದ್ದರಂತೆ. ಅಜ್ಜಿ ಜೋಗುಳ ಹಾಡುತ್ತಿದ್ದುದು ಕನ್ನಡದಲ್ಲಿ. ಪಿಂಜಾರರಲ್ಲಿ ಅನೇಕರಿಗೆ ಕನ್ನಡವೇ ಮನೆಮಾತು ಎಂಬುದು ತಿಳಿದ ವಿಷಯ. ಹತ್ತಿ ಬೆಳೆಯುವುದು ಬಯಲುಸೀಮೆಯಲ್ಲಿ, ಹಾಸಿಗೆ ಬೇಕಾಗುವುದು ಮಲೆನಾಡಿನ ಚಳಿಯಲ್ಲಿ. ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಗಡಿ ದಾಟಿ ಬಂದು, ಊರೂರಿನಲ್ಲಿ ಹತ್ತಿ ಹಿಂಜಿ ಹಾಸಿಗೆ ಹೊಲಿದುಕೊಟ್ಟ ಒಬ್ಬ ಶ್ರಮಜೀವಿ ಇಲ್ಲಿ ನೆಲೆ ನಿಂತಿರಬೇಕು. ಕುದುರೆ ಸವಾರನಿಗೆ ಆಧಾರ ಸಿಗಲಿಲ್ಲ, ಬಿಲ್ಲಿಗೆ ಸಿಕ್ಕಿತು.

ಅಂದು ನಾವು ಹಿರಿಯರಿಗೆ ಹೇಳಿದ್ದರಲ್ಲಿ ಹೊಸದೇನೂ ಇರಲಿಲ್ಲ, ಮದ್ರಸಾದಲ್ಲಿ ಕಲಿತದ್ದೇ. ಜನಾಂಗ, ಗೋತ್ರಗಳನ್ನು ಮಾಡಿದ್ದು ಪರಸ್ಪರ ಗುರುತಿಸಲಿಕ್ಕೆಂದು ಸೂರಃ ಹುಜುರಾತ್ ಹೇಳುತ್ತದೆ. ಸಂಬಂಧ ಜೋಡಿಸಲು ಬೇಕಾದಷ್ಟು ವಂಶಜ್ಞಾನ ಕಲಿಯಿರಿ ಎಂಬ ಅರ್ಥದ ಹದೀಸ್ ತಿರ್ಮಿದಿಯಲ್ಲಿದೆ. ನದ್ದಾಫ್ ಎಂಬುದು ಹತ್ತಿ ಹಿಂಜುವವನಿಗೆ ಇರುವ ಅರಬಿ ಪದ. ಬಗ್ದಾದಿನಲ್ಲಿ ಹಿಜರಿ 309ರಲ್ಲಿ ಮರಣದಂಡನೆಗೊಳಗಾದ ಮನ್ಸೂರ್ ಹಲ್ಲಾಜರ ಹೆಸರಿನ ಹಲ್ಲಾಜ್ ಎಂಬುದಕ್ಕೂ ಅದೇ ಅರ್ಥ. ಹನಫೀ ಫಿಕ್‌ಹ್‌ನ ದೊಡ್ಡ ಇಮಾಮರ ಹೆಸರುಗಳನ್ನೇ ನೋಡಿ: ಖಸ್ಸಾಫ್ ಎಂದರೆ ಪಾದರಕ್ಷೆ ಹೊಲಿಯುವವನು, ಜಸ್ಸಾಸ್ ಎಂದರೆ ಗಾರೆ ಕೆಲಸದವನು, ಹಲ್ವಾನೀ ಎಂಬುದು ಸಿಹಿತಿಂಡಿ ಮಾಡುವ ಮನೆತನದ ಗುರುತು. ಇಮಾಮ್ ಅಬೂ ಹನೀಫಾರು ಸ್ವತಃ ಬಟ್ಟೆ ವ್ಯಾಪಾರಿ. ಅವರು ಕಸುಬನ್ನು ಹೆಸರಿನ ಕೊನೆಗೆ ಹಚ್ಚಿಕೊಂಡು ಗ್ರಂಥ ಬರೆದರು, ನಾವು ಅದೇ ಕಸುಬನ್ನು ಅಟ್ಟದ ಮೇಲೆ ಅಡಗಿಸಿದೆವು. ನಿಕಾಹ್‌ನಲ್ಲಿ ಕಫಾಅತ್ ಅಂದರೆ ಸರಿಸಮಾನತೆಯನ್ನು ನೋಡಬೇಕೆಂದು ನಮ್ಮ ಫುಕಹಾಗಳು ಹೇಳಿದ್ದಾರೆ, ಅದನ್ನು ನಾವು ಮರೆಮಾಚುವುದಿಲ್ಲ. ಆದರೆ ತನ್ನ ಅಜ್ಜನ ಕಸುಬನ್ನೇ ಮಾಡಿದವರ ಮನೆ ತನಗೆ ಸಮಾನವಲ್ಲ ಎಂದು ವಾದಿಸಲು ಯಾವ ಮಝ್‌ಹಬಿನಲ್ಲೂ ದಾರಿಯಿಲ್ಲ.

ಇದಕ್ಕೆ ಲೌಕಿಕದ ಒಂದು ಮುಖವೂ ಇದೆ. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪಿಂಜಾರ, ನದಾಫ್ ಪ್ರವರ್ಗ 1ರಲ್ಲಿವೆ. ಹಿರಿಯರು ಹೆಮ್ಮೆಗಾಗಿ ಶಾಲೆಯ ಪುಸ್ತಕದಲ್ಲಿ ಬೇರೆ ಏನನ್ನೋ ಬರೆಸಿದ ಎಷ್ಟೋ ಮನೆಗಳ ಮಕ್ಕಳು ಇಂದು ಆ ಸೌಲಭ್ಯದಿಂದ ಹೊರಗಿದ್ದಾರೆ. 2027ರ ಜನಗಣತಿಯಲ್ಲಿ ಜಾತಿಯನ್ನೂ ಎಣಿಸಲಾಗುವುದೆಂದು ಕೇಂದ್ರ ಸರಕಾರ ಪ್ರಕಟಿಸಿದೆ. ಗಣತಿದಾರ ಮತ್ತೆ ಬಾಗಿಲಿಗೆ ಬರುತ್ತಾನೆ, ಮತ್ತೆ ಅದೇ ಕಲಮಿನ ಪ್ರಶ್ನೆ ಕೇಳುತ್ತಾನೆ. ಯಜಮಾನ ಹೇಳುವುದು ಒಂದು ಶಹಾದತ್ತೇ ಎಂಬುದನ್ನು ಜಮಾಅತಿನವರು ಈಗಲೇ ಮನೆಗಳಲ್ಲಿ ಮಾತಾಡಿಕೊಳ್ಳಬೇಕೆಂದು ನಮಗೆ ತೋರುತ್ತದೆ.

ಹಿರಿಯರು ಆ ದಿನ ಏನನ್ನೂ ಒಪ್ಪಲಿಲ್ಲ. ಮಗ್ರಿಬ್ ಮುಗಿಸಿ ಮೌನವಾಗಿ ಮನೆಗೆ ಹೋದರು. ಮೂರು ವಾರಗಳ ಬಳಿಕ ರಾಣೇಬೆನ್ನೂರಿಗೆ ಹೋಗಿಬಂದ ಸುದ್ದಿ ತಿಳಿಯಿತು. ಶಅಬಾನ್ ತಿಂಗಳಲ್ಲಿ ನಿಕಾಹ್ ಆಯಿತು. ಹಿರಿಯರು ಸಾಕ್ಷಿಯಾಗಿ ಸಹಿ ಹಾಕಿದರು. ಮೊಮ್ಮಗನಿಗೆ ಕಳಿಸಲೆಂದು ಒಂದು ನೋಟುಪುಸ್ತಕದಲ್ಲಿ ಐದು ತಲೆಮಾರಿನ ಹೆಸರುಗಳನ್ನು ನಾವು ಅವರ ಎದುರಿನಲ್ಲೇ ಬರೆದೆವು. ಎಲ್ಲಕ್ಕಿಂತ ಮೇಲೆ ಬರೆಯಲು ಅವರು ಹೇಳಿದ್ದು ದಫ್ತರಿನಲ್ಲಿ ಸಿಕ್ಕ ಅಜ್ಜಿಯ ಹೆಸರನ್ನು. ಅಜ್ಜನ ಹೆಸರಿನ ಮುಂದೆ ಕಸುಬು ಬರೆಯುವಾಗ ನಮ್ಮ ಪೆನ್ನು ಒಂದು ಕ್ಷಣ ತಡೆಯಿತು. “ಬರೀರಿ ಹಜರತ್” ಎಂದರು.