ನ್ಯೂಯಾರ್ಕ್ ನಗರದ ಬೀದಿ ಪಾರ್ಕಿಂಗ್: ನಿಯಮಗಳ ಇತಿಹಾಸ

ನ್ಯೂಯಾರ್ಕ್ ನಗರದ ಬೀದಿ ಪಾರ್ಕಿಂಗ್ ನಿಯಮಗಳ ಮೇಲೆ ಪೊಲೀಸರ ಲಾಠಿಗಿಂತ ಪೌರಕಾರ್ಮಿಕರ ಪೊರಕೆಯ ಪ್ರಭಾವವೇ ಹೆಚ್ಚು. ಮೋಟಾರು ಬರುವ ಮುನ್ನವೇ ಇದು ಶುರುವಾಯಿತು. 19ನೆಯ ಶತಮಾನದ ಕೊನೆಯಲ್ಲಿ ಗಾಡಿಯವರು ಸಂಜೆ ಕುದುರೆಗಳನ್ನು ಬಿಚ್ಚಿ ಲಾಯಕ್ಕೆ ಒಯ್ದು, ಗಾಡಿಗಳನ್ನು ಬೀದಿಯಲ್ಲೇ ಬಿಡುತ್ತಿದ್ದರು. ಅವುಗಳ ಅಡಿಯಲ್ಲಿ ಕಸ, ಲದ್ದಿ ಕೊಳೆಯುತ್ತಿತ್ತು. 1895ರಲ್ಲಿ ಬೀದಿ ನೈರ್ಮಲ್ಯದ ಕಮಿಷನರ್ ಆಗಿ ಬಂದ ಜಾರ್ಜ್ ವೇರಿಂಗ್ ಇಂಥ ಗಾಡಿಗಳನ್ನು ಎಳೆಸಿ ಜಪ್ತಿ ಮಾಡಿಸಿದರು. ಇಂದಿನ ಟೋಯಿಂಗ್‌ನ ಮೂಲಪುರುಷ ಅವರೇ ಎಂದರೂ ಸಲ್ಲುತ್ತದೆ.

ರಾತ್ರಿಯಿಡೀ ಬೀದಿಯಲ್ಲಿ ಕಾರು ನಿಲ್ಲಿಸಬಾರದೆಂಬ ಕಟ್ಟಳೆ 20ನೆಯ ಶತಮಾನದ ನಡುಗಾಲದವರೆಗೂ ಹೆಸರಿಗೆ ಉಳಿದಿತ್ತು. ಎರಡನೆಯ ಮಹಾಯುದ್ಧದ ನಂತರ ಕಾರುಗಳು ಏರಿದಂತೆ ಅದಕ್ಕೆ ಅರ್ಥವೇ ಉಳಿಯಲಿಲ್ಲ. ಸಾಲುಗಟ್ಟಿ ನಿಂತ ಕಾರುಗಳಿಂದಾಗಿ ಗುಡಿಸುವ ಯಂತ್ರಗಳಿಗೆ ರಸ್ತೆಯ ಅಂಚು ಸಿಗದಾಯಿತು. ಅದಕ್ಕೆ ಪರಿಹಾರವಾಗಿ 1950ರಲ್ಲಿ ಲೋವರ್ ಈಸ್ಟ್ ಸೈಡ್‌ನಲ್ಲಿ ‘ಆಲ್ಟರ್ನೇಟ್ ಸೈಡ್’ ಪಾರ್ಕಿಂಗ್ ಜಾರಿಗೆ ಬಂತು. ವಾರದ ನಿಗದಿತ ದಿನ, ನಿಗದಿತ ಹೊತ್ತು ರಸ್ತೆಯ ಒಂದು ಬದಿ ಖಾಲಿಯಿರಬೇಕು. ಇನ್ನೊಂದು ಬದಿಗೆ ಬೇರೆ ದಿನ. ಬೆಂಗಳೂರಿನ ಸಮ–ಬೆಸ ತಾರೀಖಿನ ಫಲಕಗಳನ್ನು ಕಂಡವರಿಗೆ ಇದು ಪರಿಚಿತವೇ, ಆದರೆ ನ್ಯೂಯಾರ್ಕ್‌ನ ಲೆಕ್ಕ ತಾರೀಖಿನದ್ದಲ್ಲ, ವಾರದ್ದು. ಅಲ್ಲಿನ ಫಲಕದ ಮೇಲೆ ‘ಪಿ’ ಅಕ್ಷರವನ್ನು ಅಡ್ಡಗೆರೆಯಂತೆ ಹೊಡೆದುಹಾಕಿರುವುದೂ ಒಂದು ಪೊರಕೆಯೇ.

ಗುಡಿಸುವ ಹೊತ್ತಿನಲ್ಲಿ ಎದುರು ಬದಿಯ ಕಾರುಗಳ ಪಕ್ಕಕ್ಕೇ ಎರಡನೆಯ ಸಾಲು ಹಚ್ಚಿ, ಯಂತ್ರ ಹೋದೊಡನೆ ಮರಳುವುದು ಎಷ್ಟೋ ಬಡಾವಣೆಗಳ ರೂಢಿ. ಕಾನೂನು ಒಪ್ಪುವುದಿಲ್ಲ, ಆದರೆ ಹೆಚ್ಚಾಗಿ ಕಣ್ಣು ಮುಚ್ಚಿಕೊಳ್ಳುತ್ತದೆ. ಹಬ್ಬಗಳಂದು ನಿಯಮಕ್ಕೇ ರಜೆ. ಯಹೂದಿ, ಕ್ರೈಸ್ತ ಹಬ್ಬಗಳ ಜೊತೆಗೆ ಈದ್, ದೀಪಾವಳಿಗಳೂ ಈಗ ಆ ಪಟ್ಟಿಯಲ್ಲಿವೆ. ನಗರಕ್ಕೆ ಯಾರು ಯಾರು ಬಂದು ನೆಲೆಸಿದರೆಂಬುದಕ್ಕೆ ಪಾಲಿಕೆಯ ಈ ಪಟ್ಟಿಯೂ ಒಂದು ದಾಖಲೆ.

ಜಗತ್ತಿನ ಮೊದಲ ಪಾರ್ಕಿಂಗ್ ಮೀಟರ್ 1935ರಲ್ಲಿ ಒಕ್ಲಹೋಮ ಸಿಟಿಯಲ್ಲಿ ನಿಂತಿತು. ನ್ಯೂಯಾರ್ಕ್ ಅದನ್ನು ಒಪ್ಪಿಕೊಂಡದ್ದು 1951ರಲ್ಲಿ, ಹಾರ್ಲೆಮ್‌ನ 125ನೆಯ ಬೀದಿಯಲ್ಲಿ. ಬಾಡಿಗೆ ಗಂಟೆಗೆ 10 ಸೆಂಟ್. ಒಂದೊಂದು ಜಾಗಕ್ಕೆ ಒಂದೊಂದರಂತೆ ನಿಂತಿದ್ದ ಆ ಕಂಬಗಳು 2011ರ ವೇಳೆಗೆ ಮ್ಯಾನ್‌ಹಟನ್‌ನಿಂದ ಮರೆಯಾದವು. ಮೀಟರು ಬಂದು ಇಷ್ಟು ಕಾಲವಾದರೂ ನಗರದ ಸುಮಾರು 30 ಲಕ್ಷ ಬೀದಿ ಪಾರ್ಕಿಂಗ್ ಜಾಗಗಳಲ್ಲಿ ಬಹುಪಾಲು ಇಂದಿಗೂ ಬಿಟ್ಟಿ. ಅಷ್ಟು ಬೆಲೆಬಾಳುವ ನೆಲ ಪುಕ್ಕಟೆ ಸಿಗುವಾಗ ಅಲ್ಲಿಂದ ಕಾರನ್ನು ಕದಲಿಸುವ ಶಕ್ತಿ ಮೀಟರಿಗಿಂತ ಪೊರಕೆಗೇ ಹೆಚ್ಚು.

ನಿಯಮ ಮುರಿದವರಿಗೆ ಹಾಕುವ ದಂಡ ಎಲ್ಲರಿಗೂ ನಾಟುತ್ತಿರಲಿಲ್ಲ. ವಿಶ್ವಸಂಸ್ಥೆಯ ರಾಜತಾಂತ್ರಿಕರಿಗೆ ಕಾನೂನಿನ ರಕ್ಷಣೆಯಿತ್ತು. 1997ರ ಕೊನೆಯಿಂದ 2002ರವರೆಗೆ ಅವರು ಕಟ್ಟದೆ ಬಿಟ್ಟ ದಂಡದ ಟಿಕೆಟುಗಳು ಸುಮಾರು 1.5 ಲಕ್ಷ. ದಂಡ ಬಾಕಿಯಿರುವ ವಾಹನಗಳ ರಾಜತಾಂತ್ರಿಕ ನಂಬರ್ ಪ್ಲೇಟುಗಳನ್ನು ಕಿತ್ತುಕೊಳ್ಳಲು 2002ರಲ್ಲಿ ಶುರುಮಾಡಿದ ಮೇಲೆ ಉಲ್ಲಂಘನೆ ತೀವ್ರವಾಗಿ ಇಳಿಯಿತು.

ಕೋವಿಡ್ ಕಾಲದಲ್ಲಿ ನಗರಾಡಳಿತ ಹೆಚ್ಚಿನ ಬೀದಿಗಳಲ್ಲಿ ಗುಡಿಸುವಿಕೆಯನ್ನು ವಾರಕ್ಕೊಮ್ಮೆಗೆ ಇಳಿಸಿತು. ಕಾರುಗಳು ಕದಲಲಿಲ್ಲ, ಕಸ ಕಟ್ಟಿಕೊಂಡಿತು. 2022ರ ಜುಲೈನಲ್ಲಿ ಹಳೆಯ ವೇಳಾಪಟ್ಟಿಯನ್ನು ಮರಳಿ ತರಲಾಯಿತು. 2023ರಿಂದ ವೆಸ್ಟ್ ಹಾರ್ಲೆಮ್‌ನ ಕೆಲವು ಬೀದಿಗಳಲ್ಲಿ ಕಾರು ನಿಲ್ಲುತ್ತಿದ್ದ ಜಾಗಗಳನ್ನೇ ತೆಗೆದು ದೊಡ್ಡ ಕಸದ ತೊಟ್ಟಿಗಳನ್ನು ಇಡಲಾಗುತ್ತಿದೆ.