ಮಿನಿ ಟ್ರ್ಯಾಕ್ಟರ್ ಉಪಕರಣಗಳ ಅಳತೆ

ಸುಮಾರು 15ರಿಂದ 30 ಅಶ್ವಶಕ್ತಿಯ ಟ್ರ್ಯಾಕ್ಟರಿಗೆ ರೋಟವೇಟರ್, ಕಲ್ಟಿವೇಟರ್, ನೇಗಿಲುಗಳ ಗಾತ್ರ ಗೊತ್ತುಮಾಡುವ ಕ್ರಮ. ರೋಟವೇಟರಿಗೆ ಎಂಜಿನ್ನಿನ ಒಟ್ಟು ಶಕ್ತಿಗಿಂತ ಪಿಟಿಒದಲ್ಲಿ, ಅಂದರೆ ಉಪಕರಣವನ್ನು ತಿರುಗಿಸುವ ಶಾಫ್ಟಿನಲ್ಲಿ, ಸಿಗುವ ಶಕ್ತಿ ಮುಖ್ಯ. ಜಾಹೀರಾತಿನಲ್ಲಿ ಎದ್ದು ಕಾಣುವುದು ಮಾತ್ರ ಸಾಮಾನ್ಯವಾಗಿ ಮೊದಲನೆಯದು. ರೋಟವೇಟರಿನ ಅಗಲ ಹಿಂಚಕ್ರಗಳ ಹೊರ ಅಂಚಿನವರೆಗಾದರೂ ಇರಬೇಕು, ಇಲ್ಲವಾದರೆ ಚಕ್ರ ತುಳಿದ ಜಾಡು ಹದವಾಗದೆ ಉಳಿಯುತ್ತದೆ. ಅಡಿಕೆ, ದ್ರಾಕ್ಷಿ ತೋಟಗಳಲ್ಲಿ ಸಾಲುಗಳ ನಡುವಿನ ಅಂತರವೇ ಗರಿಷ್ಠ ಮಿತಿ. ಎರೆಮಣ್ಣು ಮರಳುಮಿಶ್ರಿತ ಕೆಂಪುಮಣ್ಣಿಗಿಂತ ಹೆಚ್ಚು ಎಳೆತ ಬೇಡುವುದರಿಂದ, ಅಲ್ಲಿ ಅದೇ ಟ್ರ್ಯಾಕ್ಟರಿಗೆ ಕಡಿಮೆ ಹಲ್ಲುಗಳ ಕಲ್ಟಿವೇಟರ್ ಲೇಸು. ಉಪಕರಣದ ತೂಕ ಹೈಡ್ರಾಲಿಕ್ ಎತ್ತುವ ಸಾಮರ್ಥ್ಯದೊಳಗಿರಬೇಕು. ಹಿಂಭಾರ ಹೆಚ್ಚಾದರೆ ಮುಂಚಕ್ರಗಳು ಮೇಲೆದ್ದು ಸ್ಟಿಯರಿಂಗ್ ಹಿಡಿತ ತಪ್ಪುತ್ತದೆ. ಅದಕ್ಕೇ ಮುಂಭಾಗಕ್ಕೆ ಹೆಚ್ಚುವರಿ ತೂಕ ಕಟ್ಟುವುದುಂಟು.